ಜಾಯಿನ್ ಮಾಡುವಾಗ ಸಂಖ್ಯೆಗೆ ಸಂಖ್ಯೆ ಯಾಕೆ ಕೂಡುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಕಬ್ಬು ನುರಿಸುವ ಹಂಗಾಮು ಶುರುವಾದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ ಕಂಪ್ಯೂಟರ್ ಕೋಣೆಗಳಲ್ಲಿ ಒಂದೇ ಬಗೆಯ ಕೆಲಸ: ಕಾಟಾದ ತೂಕವನ್ನು ರೈತರ ಪಟ್ಟಿಗೆ, ರೈತರ ಪಟ್ಟಿಯನ್ನು ಬ್ಯಾಂಕ್ ಖಾತೆಗಳ ಪಟ್ಟಿಗೆ ಜೋಡಿಸುವುದು. ಹೀಗೆ ಎರಡು ಟೇಬಲ್‌ಗಳಲ್ಲಿ ಒಂದೇ ಸಂಖ್ಯೆ (ಕೀ) ಇರುವ ಸಾಲುಗಳನ್ನು ಜೋಡಿಸುವುದಕ್ಕೇ ಜಾಯಿನ್ ಎನ್ನುವುದು. ಒಣದ್ರಾಕ್ಷಿ, ಉಳ್ಳಾಗಡ್ಡಿ ವ್ಯಾಪಾರದ ಲೆಕ್ಕವಾಗಲಿ, ಪತ್ತಿನ ಸಂಘದ ಸಾಲದ ಲೆಕ್ಕವಾಗಲಿ, ಜಲಾಶಯದ ಮಟ್ಟದ ದಾಖಲೆಯಾಗಲಿ, ಕೆಲಸ ಇದೇ. ತೊಂದರೆಯೂ ಇದೇ. ಫಂಕ್ಷನ್, ಆದೇಶಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ ಬೇಕು.

ಎರಡೂ ಟೇಬಲ್‌ನಲ್ಲಿ ಅದೇ ಸದಸ್ಯ ಸಂಖ್ಯೆ ಕಣ್ಣಿಗೆ ಕಾಣುತ್ತದೆ. ಆದರೂ ಜಾಯಿನ್ ಖಾಲಿ ಬರುವುದು ಯಾಕೆ?

ಪರದೆ ತೋರಿಸುವುದು ಸಂಖ್ಯೆಯ ವೇಷವನ್ನು ಮಾತ್ರ. ಸದಸ್ಯ ಸಂಖ್ಯೆ 10452 ಒಳಗೆ ಐದು ರೀತಿಯಲ್ಲಿ ಕೂತಿರಬಹುದು: ಪೂರ್ಣಾಂಕ 10452, ಫ್ಲೋಟ್ (ದಶಮಾಂಶದ ಅಂದಾಜು ಸಂಖ್ಯೆ) 10452.0, ಟೆಕ್ಸ್ಟ್ "10452", ಮುಂದೆ ಸೊನ್ನೆ ಹಚ್ಚಿದ ಟೆಕ್ಸ್ಟ್ "010452", ಕೊನೆಗೊಂದು ಖಾಲಿ ಜಾಗ ಅಂಟಿಕೊಂಡ "10452 ". ಇವುಗಳಲ್ಲಿ ಯಾವುದಕ್ಕೆ ಯಾವುದು ಸಮ ಎಂಬುದನ್ನು ಒಂದೊಂದು ಸಾಫ್ಟ್‌ವೇರ್ ಒಂದೊಂದು ರೀತಿ ತೀರ್ಮಾನಿಸುತ್ತದೆ.

ಆದ್ದರಿಂದ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ತಿದ್ದುವ ಮೊದಲು ಟೈಪ್ ನೋಡಿ, ಅಂದರೆ ಸಂಖ್ಯೆ ಒಳಗೆ ಯಾವ ಬಗೆಯಲ್ಲಿ ಕೂತಿದೆ ಎಂದು ನೋಡಿ. ಡೇಟಾಬೇಸ್‌ಗಳ ಪೈಕಿ ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಟೈಪ್‌ಆಫ್, ಎಸ್‌ಕ್ಯೂಲೈಟ್‌ನಲ್ಲಿ ಟೈಪ್‌ಆಫ್, ಮೈಎಸ್‌ಕ್ಯೂಎಲ್‌ನಲ್ಲಿ ಡಿಸ್ಕ್ರೈಬ್, ಪೈಥಾನ್ ಭಾಷೆಯ ಟೇಬಲ್ ಲೈಬ್ರರಿ ಪ್ಯಾಂಡಾಸ್‌ನಲ್ಲಿ ಡಿಟೈಪ್ಸ್, ಎಕ್ಸೆಲ್‌ನಲ್ಲಿ ಇಸ್‌ನಂಬರ್. ಟೆಕ್ಸ್ಟ್ ಆಗಿದ್ದರೆ ಉದ್ದವನ್ನೂ ಎಣಿಸಿ: ಐದು ಅಂಕಿಯ ಸಂಖ್ಯೆಗೆ ಲೆಂಗ್ತ್ ಫಂಕ್ಷನ್ 6 ಅಂದರೆ ಕಣ್ಣಿಗೆ ಕಾಣದ್ದೊಂದು ಅಲ್ಲಿ ಕೂತಿದೆ. ಈ ಎರಡು ತಪಾಸಣೆಗೆ ಎರಡು ನಿಮಿಷ ಸಾಕು.

ಹೆದರಿಕೆಯಿಲ್ಲದೆ ಜೋಡಿಸಬಹುದಾದ ಟೈಪ್‌ಗಳು ಯಾವುವು?

ಪೂರ್ಣಾಂಕಕ್ಕೆ ಪೂರ್ಣಾಂಕ. ಸ್ಮಾಲ್‌ಇಂಟ್ 32767ರವರೆಗೆ, ಇಂಟ್ 2147483647ರವರೆಗೆ, ಬಿಗ್‌ಇಂಟ್ 9223372036854775807ರವರೆಗೆ ಹಿಡಿಯುತ್ತದೆ. ಒಂದು ಕಡೆ ಇಂಟ್, ಇನ್ನೊಂದು ಕಡೆ ಬಿಗ್‌ಇಂಟ್ ಇದ್ದರೆ ಚಿಕ್ಕದು ದೊಡ್ಡದಾಗುತ್ತದೆ, ಏನೂ ಕಳೆಯುವುದಿಲ್ಲ. ಪೂರ್ಣಾಂಕಕ್ಕೆ ಡೆಸಿಮಲ್ (ದಶಮಾಂಶವನ್ನು ಬರೆದಂತೆಯೇ ಇಡುವ ಟೈಪ್) ಕೂಡ ನಿಖರವೇ, ಆದರೆ ನಿಧಾನವಾಗಬಹುದು. ಅದನ್ನು ವೇಗದ ಪ್ರಶ್ನೆಯಲ್ಲಿ ನೋಡೋಣ.

ಮೊಬೈಲ್ ನಂಬರನ್ನು ಮಾತ್ರ ಇಂಟ್‌ನಲ್ಲಿ ಇಡಬೇಡಿ. 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿ ಸಂಖ್ಯೆ ಯಾವುದೂ ಇಂಟ್‌ಗೆ ಹಿಡಿಯುವುದಿಲ್ಲ. ಸ್ಟ್ರಿಕ್ಟ್ ಮೋಡ್ (ಹಿಡಿಯದ ಸಂಖ್ಯೆಗೆ ದೋಷ ಕೊಡುವ ನಡೆ) ಇಲ್ಲದ ಹಳೆಯ ಮೈಎಸ್‌ಕ್ಯೂಎಲ್ ದೂರು ಹೇಳದೆ ಎಲ್ಲವನ್ನೂ 2147483647ಕ್ಕೆ ಕತ್ತರಿಸಿ ಇಡುತ್ತದೆ. 5.7ರಿಂದ ಸ್ಟ್ರಿಕ್ಟ್ ಮೋಡ್ ತಾನಾಗಿಯೇ ಚಾಲೂ ಇದೆ, ಆದರೆ ಹಳೆ ಡೇಟಾ ಹಳೆಯದಾಗಿಯೇ ಬಂದಿರುತ್ತದೆ. ಅಂಥ ಕಾಲಂ ಮೇಲೆ ಜಾಯಿನ್ ಮಾಡಿದರೆ ಎಲ್ಲ ರೈತರೂ ಎಲ್ಲ ರೈತರಿಗೆ ಹೊಂದುತ್ತಾರೆ: ಎರಡೂ ಕಡೆ ಸಾವಿರ ಸಾಲಿದ್ದರೆ ಹತ್ತು ಲಕ್ಷ ಸಾಲು ಬರುತ್ತದೆ. ಟೇಬಲ್‌ನಲ್ಲಿ 2147483647 ಕಂಡರೆ ಅದು ಯಾರ ಮೊಬೈಲ್ ನಂಬರೂ ಅಲ್ಲ.

ಜಲಾಶಯದ ಮಟ್ಟವನ್ನು ಸಾಮರ್ಥ್ಯದ ಕೋಷ್ಟಕಕ್ಕೆ (ಯಾವ ಮಟ್ಟಕ್ಕೆ ಎಷ್ಟು ನೀರು ಎಂಬ ಪಟ್ಟಿಗೆ) ಜೋಡಿಸಿದೆವು. ಕೆಲವು ದಿನ ಹೊಂದುತ್ತದೆ, ಕೆಲವು ದಿನ ಇಲ್ಲ. ಡೇಟಾ ಕೆಟ್ಟಿದೆಯೇ?

ಡೇಟಾ ಕೆಟ್ಟಿಲ್ಲ. ಒಂದು ಕಡೆ 32 ಬಿಟ್‌ನ ಫ್ಲೋಟ್, ಇನ್ನೊಂದು ಕಡೆ 64 ಬಿಟ್‌ನ ಡಬಲ್ ಇದೆ ಅಷ್ಟೇ. ಸೆನ್ಸರ್, ಲಾಗರ್‌ಗಳು ಸಾಮಾನ್ಯವಾಗಿ 32 ಬಿಟ್ ಕೊಡುತ್ತವೆ. ಎಕ್ಸೆಲ್‌ನಿಂದ ಬಂದ ಸಾಮರ್ಥ್ಯದ ಕೋಷ್ಟಕ ಡಬಲ್ ಆಗಿರುತ್ತದೆ.

ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್ ತೆಗೆದುಕೊಳ್ಳಿ. ಕಂಪ್ಯೂಟರ್ ಇದನ್ನು ಎರಡರ ಘಾತಗಳ ಮೊತ್ತವಾಗಿ ಬರೆದುಕೊಳ್ಳಬೇಕು. 512ರಿಂದ 1024ರ ನಡುವೆ 32 ಬಿಟ್ ಫ್ಲೋಟ್‌ನ ಒಂದು ಮೆಟ್ಟಿಲು ಅಂದರೆ 16384ನೇ ಒಂದು ಭಾಗ. 519.6 ಅನ್ನು 16384ರಿಂದ ಗುಣಿಸಿದರೆ 8513126.4. ಪೂರ್ಣ ಮೆಟ್ಟಿಲಲ್ಲ, ಹಾಗಾಗಿ 8513126ಕ್ಕೆ ಇಳಿದು ನಿಲ್ಲುತ್ತದೆ. ಅದನ್ನು ಡಬಲ್‌ಗೆ ಒಯ್ದು ನೋಡಿದರೆ 519.5999755859375. ಸಾಮರ್ಥ್ಯದ ಕೋಷ್ಟಕದ ಡಬಲ್ 519.6 ಇದಕ್ಕಿಂತ ಎಷ್ಟೋ ನಿಖರ. ಎರಡೂ ಸಮವಲ್ಲ, ಜಾಯಿನ್ ಆಗಲಿಲ್ಲ.

ಅದೇ ದಿನ ನಾರಾಯಣಪುರದ ಓದು 492.25 ಇದ್ದರೆ ತಕ್ಷಣ ಹೊಂದುತ್ತದೆ. ಕಾಲು, ಅರ್ಧ, ಮುಕ್ಕಾಲು ಎರಡರ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಹತ್ತರಲ್ಲೊಂದು, ಹತ್ತರಲ್ಲಾರು ಕೂರುವುದಿಲ್ಲ. .25, .50, .75, .00 ಇರುವ ಸಾಲು ಮಾತ್ರ ಹೊಂದಿ ಉಳಿದವು ಉದುರುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ, ರೋಗ ಇದೇ.

ಔಷಧ: ಎರಡೂ ಕಡೆಯ ಓದನ್ನು 100ರಿಂದ ಗುಣಿಸಿ, ರೌಂಡ್ ಮಾಡಿ, ಪೂರ್ಣಾಂಕ ಮಾಡಿ, ಆಮೇಲೆ ಜೋಡಿಸಿ. ಸೆಂಟಿಮೀಟರ್ ಲೆಕ್ಕದಲ್ಲಿ ಎರಡೂ ಕಡೆ 51960 ಸಿಗುತ್ತದೆ. ರೌಂಡ್ ಬಿಟ್ಟು ಬರೀ ಕತ್ತರಿಸಿದರೆ 51959 ಸಿಕ್ಕು ಪಕ್ಕದ ಸೆಂಟಿಮೀಟರಿನ ಸಾಮರ್ಥ್ಯ ಬಂದು ಕೂರುತ್ತದೆ.

ಇನ್ನೊಂದು ಮಾತು. ಹಿಡಕಲ್ ಜಲಾಶಯದ ಮಟ್ಟ ಅಡಿಯಲ್ಲಿ ಬರುವುದುಂಟು. ಪೂರ್ಣ ಮಟ್ಟ 2175 ಅಡಿ, ಅಂದರೆ 662.94 ಮೀಟರ್. ಅಡಿಯನ್ನು 0.3048ರಿಂದ ಗುಣಿಸಿದ ಕೂಡಲೇ ಅದು ಫ್ಲೋಟ್ ಲೆಕ್ಕ. ಅದನ್ನೂ ರೌಂಡ್ ಮಾಡದೆ ಜೋಡಿಸಬೇಡಿ.

ರೌಂಡ್ ಮಾಡಲೇಬೇಕೇ? ಪೂರ್ಣಾಂಕಕ್ಕೆ ಕಾಸ್ಟ್ ಮಾಡಿದರೆ (ಟೈಪ್ ಬದಲಿಸಿದರೆ) ಸಾಲದೇ?

ಸಾಲದು. 4.35 ಕ್ವಿಂಟಲ್ ಒಣದ್ರಾಕ್ಷಿಯನ್ನು ಕಿಲೋಗೆ ತರಲು 100ರಿಂದ ಗುಣಿಸಿ ನೋಡಿ: ಡಬಲ್‌ನಲ್ಲಿ ಉತ್ತರ 434.99999999999994. ಪೈಥಾನ್‌ನ ಇಂಟ್ ಇದನ್ನು ಕತ್ತರಿಸಿ 434 ಮಾಡುತ್ತದೆ, ಎಸ್‌ಕ್ಯೂಎಲ್ ಸರ್ವರ್‌ನ ಕಾಸ್ಟ್ ಕೂಡ ಹಾಗೇ. ಪೋಸ್ಟ್‌ಗ್ರೆಸ್‌ನ ಕಾಸ್ಟ್ ಮಾತ್ರ ರೌಂಡ್ ಮಾಡಿ 435 ಕೊಡುತ್ತದೆ. ಒಂದು ಕಡೆ ಪೈಥಾನ್, ಇನ್ನೊಂದು ಕಡೆ ಪೋಸ್ಟ್‌ಗ್ರೆಸ್ ಇದ್ದರೆ ಒಂದು ಕಿಲೋ ವ್ಯತ್ಯಾಸ ಬಂದು ಜಾಯಿನ್ ತಪ್ಪುತ್ತದೆ.

ರೌಂಡ್‌ನಲ್ಲೂ ಒಂದು ಗಂಟಿದೆ. ಸರಿಯಾಗಿ ಅರ್ಧಕ್ಕೆ ಬಂದಾಗ ಎಕ್ಸೆಲ್ 2.5 ಅನ್ನು 3 ಮಾಡುತ್ತದೆ. ಪೈಥಾನ್ ಹತ್ತಿರದ ಸಮಸಂಖ್ಯೆಗೆ ಹೋಗಿ 2 ಮಾಡುತ್ತದೆ. ಪೋಸ್ಟ್‌ಗ್ರೆಸ್ ಒಂದರಲ್ಲೇ ಎರಡು ನಡೆ: ನ್ಯೂಮರಿಕ್ (ಡೆಸಿಮಲ್‌ನದೇ ಇನ್ನೊಂದು ಹೆಸರು) ಟೈಪ್‌ಗೆ 3, ಡಬಲ್‌ಗೆ 2. ಎರಡೂ ಕಡೆಯ ರೌಂಡನ್ನು ಒಂದೇ ಸಾಫ್ಟ್‌ವೇರ್‌ನಲ್ಲಿ, ಒಂದೇ ಟೈಪ್‌ನಲ್ಲಿ ಮಾಡಿ.

ಅಷ್ಟೆಲ್ಲ ಯಾಕೆ, ವ್ಯತ್ಯಾಸ 0.001ಕ್ಕಿಂತ ಕಡಿಮೆ ಇದ್ದರೆ ಸಮ ಅಂದುಕೊಂಡು ಜಾಯಿನ್ ಮಾಡಬಹುದಲ್ಲ?

ಮಾಡಬಹುದು, ನೂರಿನ್ನೂರು ಸಾಲಿದ್ದರೆ. ಸಮ ಎಂಬ ಷರತ್ತಿದ್ದಾಗ ಡೇಟಾಬೇಸ್ ಹ್ಯಾಶ್ ಮಾಡಿ (ಕೀಗಳನ್ನು ಗುಂಪುಗಳಿಗೆ ಹಂಚಿ) ಅಥವಾ ಕ್ರಮಕ್ಕೆ ಹಚ್ಚಿ ಬೇಗ ಜೋಡಿಸುತ್ತದೆ. ವ್ಯತ್ಯಾಸದ ಷರತ್ತು ಕೊಟ್ಟರೆ ಈ ಕಡೆಯ ಪ್ರತಿ ಸಾಲನ್ನೂ ಆ ಕಡೆಯ ಪ್ರತಿ ಸಾಲಿನ ಜೊತೆ ಹೋಲಿಸಬೇಕಾಗುತ್ತದೆ. ಎರಡೂ ಕಡೆ ಎರಡು ಲಕ್ಷ ಸಾಲಿದ್ದರೆ 4,000 ಕೋಟಿ ಹೋಲಿಕೆ. ಮೇಲಾಗಿ ಒಂದು ಓದಿಗೆ ಎರಡು ಸಾಲು ಹೊಂದಿ ಲೆಕ್ಕ ದುಪ್ಪಟ್ಟಾಗುವ ಸಂಭವವೂ ಉಂಟು. ಗುಣಿಸಿ, ರೌಂಡ್ ಮಾಡಿ, ಪೂರ್ಣಾಂಕದ ಮೇಲೆ ಜೋಡಿಸುವುದೇ ಲೇಸು.

ಇಳುವರಿ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) ಪ್ರಕಾರ ಕಬ್ಬಿನ ದರ ಹಚ್ಚಬೇಕು. ದರದ ಟೇಬಲ್‌ಗೆ ಶೇಕಡಾವಾರು ಮೇಲೆ ಜಾಯಿನ್ ಮಾಡುವುದೇ?

ದಶಮಾಂಶದ ಮೇಲೆ ಬೇಡ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ) 10.25% ಇಳುವರಿಗೆ ಕ್ವಿಂಟಲಿಗೆ ₹355, ಪ್ರತಿ 0.1% ಹೆಚ್ಚಳಕ್ಕೆ ₹3.46 ಸೇರುತ್ತದೆ. ಇಳುವರಿಯನ್ನು ನೂರರಿಂದ ಗುಣಿಸಿದ ಪೂರ್ಣಾಂಕವಾಗಿ, ಹಣವನ್ನು ಪೈಸೆಯಾಗಿ ಇಡಿ. 11.15% ಅಂದರೆ 1115. ಅದರಿಂದ 1025 ಕಳೆದರೆ 90, ಹತ್ತರಿಂದ ಭಾಗಿಸಿದರೆ 9 ಮೆಟ್ಟಿಲು. 9 ಗುಣಿಲೆ 346 ಪೈಸೆ 3114. 35500ಕ್ಕೆ ಕೂಡಿಸಿದರೆ 38614 ಪೈಸೆ, ಅಂದರೆ ₹386.14. ಎಲ್ಲೂ ಫ್ಲೋಟ್ ಕಾಲಿಡಲಿಲ್ಲ. ದರದ ಟೇಬಲ್ ಬೇಕೇ ಬೇಕೆಂದರೆ ಕೀ ಆಗಿ ಆ ಮೆಟ್ಟಿಲು 9 ಅನ್ನೇ ಇಡಿ.

ಕೆಳಗೆ ಇಳಿಯುವಾಗ 9.5% ಎಂಬ ತಳವಿದೆ: ಅದಕ್ಕಿಂತ ಕಡಿಮೆ ಇಳುವರಿಗೂ ₹329.05. ಈ ತಳವನ್ನು ಷರತ್ತಿನಲ್ಲಿ ಬರೆಯದಿದ್ದರೆ ಜಾಯಿನ್ ಸರಿಯಿದ್ದೂ ಬಿಲ್ ತಪ್ಪುತ್ತದೆ.

519.6 ಮತ್ತು 519.60 ಒಂದೇ ಅಲ್ಲವೇ?

ಎಸ್‌ಕ್ಯೂಎಲ್‌ನ ಡೆಸಿಮಲ್‌ಗೆ ಒಂದೇ. ಪೈಥಾನ್‌ನ ಡೆಸಿಮಲ್‌ಗೂ ಒಂದೇ. ಜಾವಾದ ಬಿಗ್‌ಡೆಸಿಮಲ್‌ಗೆ ಈಕ್ವಲ್ಸ್‌ನಿಂದ ಕೇಳಿದರೆ ಬೇರೆ, ಕಂಪೇರ್‌ಟು ಬಳಸಿದರೆ ಒಂದೇ. ಹ್ಯಾಶ್‌ಮ್ಯಾಪ್ (ಕೀ ಕೊಟ್ಟರೆ ಅದರ ಮೌಲ್ಯ ಕೊಡುವ ಪಟ್ಟಿ) ಈಕ್ವಲ್ಸ್ ಬಳಸುವುದರಿಂದ ಬಿಗ್‌ಡೆಸಿಮಲ್ ಕೀ ಇಟ್ಟು ಹುಡುಕಿದರೆ ಸಿಗುವುದಿಲ್ಲ. ಟೆಕ್ಸ್ಟ್‌ಗಂತೂ ಎಲ್ಲೆಡೆ ಬೇರೆ ಬೇರೆಯೇ.

ಒಂದು ಕಡೆ ಡೆಸಿಮಲ್, ಇನ್ನೊಂದು ಕಡೆ ಡಬಲ್ ಇದ್ದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಡೆಸಿಮಲ್ಲನ್ನೇ ಡಬಲ್ ಮಾಡಿ ಹೋಲಿಸುತ್ತವೆ. ನಿಖರವಾದದ್ದು ಅಂದಾಜಿನ ಕಡೆಗೆ ಇಳಿಯುತ್ತದೆ. ನೀವೇ ಮೊದಲು ಡಬಲ್ ಅನ್ನು ರೌಂಡ್ ಮಾಡಿ ಡೆಸಿಮಲ್‌ಗೆ ಒಯ್ಯಿರಿ.

ಎಕರೆ-ಗುಂಟೆಯನ್ನು 3.20 ಎಂದು ಬರೆದ ಕಾಲಂ ಇದೆ. ಇದನ್ನು ಡೆಸಿಮಲ್ ಮಾಡಲೇ?

ದಯವಿಟ್ಟು ಬೇಡ. ಇದು ದಶಮಾಂಶವೇ ಅಲ್ಲ. ಉತಾರದಲ್ಲಿ (ಪಹಣಿಯಲ್ಲಿ) 3.20 ಅಂದರೆ 3 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ನಿಜಕ್ಕೆ ಮೂರೂವರೆ ಎಕರೆ. ಇದನ್ನು ಸಂಖ್ಯೆಯ ಟೈಪ್‌ಗೆ ಹಾಕಿದ ಕ್ಷಣ ಕೊನೆಯ ಸೊನ್ನೆ ಬಿದ್ದು 3.2 ಆಗುತ್ತದೆ. ಮುಂದೆ ನೋಡಿದವರು ಅದನ್ನು 3 ಎಕರೆ 2 ಗುಂಟೆ ಎಂದು ಓದುತ್ತಾರೆ, 18 ಗುಂಟೆ ಹೋಯಿತು. ಇನ್ನು ಕೆಲವರು 2 ಗುಂಟೆಯನ್ನು 3.02 ಎಂದು, ಕೆಲವರು 3.2 ಎಂದು ಬರೆದಿರುತ್ತಾರೆ. ಟೈಪ್ ಬದಲಾದ ಮೇಲೆ ಯಾವುದು ಯಾವುದೆಂದು ಹೇಳುವ ದಾರಿ ಉಳಿಯುವುದಿಲ್ಲ.

ಬೆಳೆ ಸಮೀಕ್ಷೆಯ ಪಟ್ಟಿಯನ್ನು ಉತಾರದ ಪಟ್ಟಿಗೆ ಕ್ಷೇತ್ರದ ಮೇಲೆ ಹೋಲಿಸುವವರು ಹೀಗೆ ಮಾಡಬೇಕು:

1. ಕಾಲಂ ಅನ್ನು ಟೆಕ್ಸ್ಟ್ ಆಗಿಯೇ ಓದಿಸಿ.
2. ಚುಕ್ಕೆಯ ಮೇಲೆ ಒಡೆಯಿರಿ: ಎಡಕ್ಕೆ ಎಕರೆ, ಬಲಕ್ಕೆ ಗುಂಟೆ, ಮೂರನೆಯದು ಇದ್ದರೆ ಆಣೆ.
3. ಗುಂಟೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಸಾಲನ್ನು ಬೇರೆ ತೆಗೆದಿಡಿ. 3.75 ಎಂದಿದ್ದರೆ ಯಾರೋ ನಿಜವಾದ ದಶಮಾಂಶವನ್ನೇ ಬರೆದಿದ್ದಾರೆ.
4. ಗುಂಟೆ ಭಾಗದಲ್ಲಿ ಒಂದೇ ಅಂಕಿ ಇದ್ದರೂ ತೆಗೆದಿಡಿ. ಅದನ್ನು ಮೂಲ ಕಾಗದ ನೋಡಿಯೇ ತೀರ್ಮಾನಿಸಬೇಕು.
5. ಉಳಿದದ್ದಕ್ಕೆ ಎಕರೆ ಗುಣಿಲೆ 40, ಕೂಡಿಸು ಗುಂಟೆ. 3.20 ಅಂದರೆ 140. ಆಣೆಯೂ ಬೇಕಾದರೆ 16 ಆಣೆಗೆ ಒಂದು ಗುಂಟೆ, ಎಲ್ಲವನ್ನೂ ಆಣೆಗೆ ಇಳಿಸಿ: 140 ಗುಂಟೆ 2240 ಆಣೆ.

ಈ ಪೂರ್ಣಾಂಕದ ಮೇಲೆ ಹೋಲಿಸಿ. ತೋರಿಸುವಾಗ ಬೇಕಾದರೆ ಮತ್ತೆ 3-20 ಎಂದು ಬರೆಯಿರಿ.

ಸರ್ವೆ ನಂಬರಿಗೆ ಇನ್ನೊಂದು ಗಂಡಾಂತರ: 12/3 ಎಂದು ಎಕ್ಸೆಲ್‌ನಲ್ಲಿ ಹೊಡೆದರೆ ಅದು ತಾರೀಖಾಗುತ್ತದೆ. ತಾರೀಖು ಒಳಗೆ ಒಂದು ಸಂಖ್ಯೆ, ಹಾಗಾಗಿ ಜಾಯಿನ್ ಕಾಲಂನಲ್ಲಿ 45 ಸಾವಿರದ ಆಸುಪಾಸಿನ ವಿಚಿತ್ರ ಸಂಖ್ಯೆಗಳು ಕಾಣಿಸಿಕೊಳ್ಳುತ್ತವೆ. ಹೊಡೆಯುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಿಡಿ.

ಬ್ಯಾಂಕ್ ಖಾತೆ ಸಂಖ್ಯೆ ಮೇಲೆ ಜೋಡಿಸಿದರೆ ಒಬ್ಬರ ಹಣ ಇನ್ನೊಬ್ಬರ ಹೆಸರಿಗೆ ಹೊಂದುತ್ತಿದೆ. ಇದು ಹೇಗೆ ಸಾಧ್ಯ?

ಹೊಂದದೇ ಇರುವ ಸಾಲು ಕಣ್ಣಿಗೆ ಬೀಳುತ್ತದೆ, ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ತಪ್ಪಾಗಿ ಹೊಂದಿದ್ದು ಸದ್ದಿಲ್ಲದೆ ದಾಟಿ ಹೋಗುತ್ತದೆ. ಈ ಪುಟದಲ್ಲಿರುವ ಎಲ್ಲ ತೊಂದರೆಗಳಲ್ಲಿ ದೊಡ್ಡದು ಇದೇ.

ಡಬಲ್‌ಗೆ 53 ಬಿಟ್‌ನ ಜಾಗವಿದೆ. 9007199254740992ರವರೆಗಿನ ಪೂರ್ಣಾಂಕ ಒಂದೂ ತಪ್ಪದೆ ಕೂರುತ್ತದೆ. ಅದರಾಚೆ ಎರಡೆರಡು ಸಂಖ್ಯೆ ಒಂದೇ ಕುರ್ಚಿ ಹಂಚಿಕೊಳ್ಳತೊಡಗುತ್ತವೆ. 9007199254740993 ಅನ್ನು ಡಬಲ್‌ಗೆ ಹಾಕಿದರೆ ಹೊರಬರುವುದು 9007199254740992. ನಮ್ಮಲ್ಲಿ ಖಾತೆ ಸಂಖ್ಯೆ 18 ಅಂಕಿಯವರೆಗೂ ಇರುತ್ತದೆ. 32 ಬಿಟ್ ಫ್ಲೋಟ್‌ನ ಮಿತಿಯಂತೂ 16777216. ಎಂಟಂಕಿಯ ಚೀಟಿ ಸಂಖ್ಯೆಗೂ ಸಾಲದು.

ಡಬಲ್ ಎಲ್ಲಿಂದ ನುಸುಳಿತು ಎಂದು ಹುಡುಕಬೇಕಾದ ಜಾಗಗಳು:

ಎಕ್ಸೆಲ್ 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ. 17 ಅಂಕಿಯ ಖಾತೆ ಹೊಡೆದರೆ ಕೊನೆಯ ಎರಡು ಸೊನ್ನೆಯಾಗುತ್ತವೆ. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು ಸೇವ್ ಮಾಡಿದರೂ ಅಷ್ಟೇ, ಆ ಅಂಕಿಗಳು ಮತ್ತೆ ಬರುವುದಿಲ್ಲ. 12 ಅಂಕಿಯ ಆಧಾರ್ ಸಂಖ್ಯೆ 1.23457ಇ+11 ಥರ ಕಂಡರೆ ಗಾಬರಿ ಬೇಡ, ಒಳಗೆ ಪೂರ್ತಿ ಇದೆ. ಆದರೆ ಆ ರೂಪದಲ್ಲೇ ಸಿಎಸ್‌ವಿ ಮಾಡಿದರೆ ಫೈಲಿಗೆ ಹೋಗುವುದೂ ಆ ರೂಪವೇ.

ಪ್ಯಾಂಡಾಸ್‌ನಲ್ಲಿ ಖಾತೆಯ ಕಾಲಂನ ಒಂದೇ ಒಂದು ಸಾಲು ಖಾಲಿ ಇದ್ದರೂ ಇಡೀ ಕಾಲಂ ಫ್ಲೋಟ್ ಆಗಿ ಓದಿಸಿಕೊಳ್ಳುತ್ತದೆ, ಕೊನೆಯ ಅಂಕಿಗಳು ಓದುವಾಗಲೇ ಕೆಡುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ಸಂಖ್ಯೆ ಎಂದರೇ ಡಬಲ್. ಜೇಸನ್‌ನಲ್ಲಿ ಉದ್ಧರಣ ಚಿಹ್ನೆ ಇಲ್ಲದೆ ಬಂದ 18 ಅಂಕಿಯ ಐಡಿ ಪಾರ್ಸ್ ಆದ ಕೂಡಲೇ ಬದಲಾಗಿರುತ್ತದೆ. ಹೈವ್ ಎಂಬ ದೊಡ್ಡ ಡೇಟಾದ ಸಾಫ್ಟ್‌ವೇರ್‌ನಲ್ಲಿ ಬಿಗ್‌ಇಂಟ್ ಮತ್ತು ಸ್ಟ್ರಿಂಗ್ ಹೋಲಿಸಿದರೆ ಎರಡೂ ಡಬಲ್ ಆಗುತ್ತವೆ. ಮೈಎಸ್‌ಕ್ಯೂಎಲ್‌ನಲ್ಲೂ ಟೆಕ್ಸ್ಟ್ ಕಾಲಂ ಮತ್ತು ಸಂಖ್ಯೆಯ ಕಾಲಂ ಹೋಲಿಕೆಗೆ ಅದೇ ಗತಿ.

ಎಕ್ಸೆಲ್‌ನ ಕೌಂಟ್‌ಇಫ್ ಬಗ್ಗೆ ಬೇರೆಯಾಗಿ ಹೇಳಬೇಕು. ಕಾಲಂ ಟೆಕ್ಸ್ಟ್ ಆಗಿದ್ದರೂ ಅದು ಸಂಖ್ಯೆಯಂತೆ ಕಾಣುವುದನ್ನು ಸಂಖ್ಯೆ ಮಾಡಿಯೇ ಹೋಲಿಸುತ್ತದೆ. ಮೊದಲ 15 ಅಂಕಿ ಒಂದೇ ಇರುವ ಎರಡು ಖಾತೆಗಳನ್ನು ಡುಪ್ಲಿಕೇಟ್ ಎಂದು ತೋರಿಸುತ್ತದೆ. ಅದನ್ನು ನಂಬಿ ಸಾಲು ಅಳಿಸಬೇಡಿ. ಎಕ್ಸಾಕ್ಟ್ ಫಂಕ್ಷನ್‌ನಿಂದ ಹೋಲಿಸಿ.

ಖಾತೆ ಸಂಖ್ಯೆಯನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಅದು ಅಂಕಿಯಲ್ಲಿ ಬರೆದ ಹೆಸರು. ಟೆಕ್ಸ್ಟ್ ಆಗಿಯೇ ಇರಲಿ.

ಒಂದು ಕಡೆ ಟೆಕ್ಸ್ಟ್, ಇನ್ನೊಂದು ಕಡೆ ಇಂಟ್. ಡೇಟಾಬೇಸ್ ತಾನಾಗಿಯೇ ಸರಿಮಾಡಿಕೊಳ್ಳುವುದಿಲ್ಲವೇ?

ಪೋಸ್ಟ್‌ಗ್ರೆಸ್ ಒಪ್ಪುವುದೇ ಇಲ್ಲ: ಇಂಟಿಜರ್‌ಗೂ ಟೆಕ್ಸ್ಟ್‌ಗೂ ಸಮ ಎಂಬ ಆಪರೇಟರ್ ಇಲ್ಲ ಎಂದು ದೋಷ ಕೊಟ್ಟು ನಿಲ್ಲುತ್ತದೆ. ಬೈದುಕೊಳ್ಳಬೇಡಿ, ಅದು ಉಪಕಾರ.

ಮೈಎಸ್‌ಕ್ಯೂಎಲ್ ಎಲ್ಲವನ್ನೂ ಒಪ್ಪುತ್ತದೆ. ಟೆಕ್ಸ್ಟ್‌ನ ಮುಂಭಾಗದಲ್ಲಿ ಎಷ್ಟು ಅಂಕಿ ಇದೆಯೋ ಅಷ್ಟನ್ನು ಸಂಖ್ಯೆ ಮಾಡಿಕೊಳ್ಳುತ್ತದೆ. "1045ಎ" ಎಂಬ ಉಪಸಂಖ್ಯೆ 1045ಕ್ಕೆ ಹೊಂದುತ್ತದೆ, ಅಂದರೆ ಅಣ್ಣನ ಚೀಟಿಗೆ ತಮ್ಮನ ಖಾತೆ. ಅಕ್ಷರದಿಂದಲೇ ಶುರುವಾಗುವ ಟೆಕ್ಸ್ಟ್ 0 ಆಗುತ್ತದೆ, ಖಾಲಿ ಟೆಕ್ಸ್ಟ್ ಕೂಡ 0. ಇನ್ನೊಂದು ಟೇಬಲ್‌ನಲ್ಲಿ "ಗೊತ್ತಿಲ್ಲ" ಎಂಬುದಕ್ಕೆ 0 ಹಾಕುವ ರೂಢಿ ಇದ್ದರೆ ಅವೆಲ್ಲ ಒಂದಕ್ಕೊಂದು ಹೊಂದಿಬಿಡುತ್ತವೆ. ಇಲ್ಲಿ ಸಂಖ್ಯೆಯನ್ನೇ ಟೆಕ್ಸ್ಟ್‌ಗೆ ಕಾಸ್ಟ್ ಮಾಡಿ ಹೋಲಿಸುವುದು ಸುರಕ್ಷಿತ.

ಎಸ್‌ಕ್ಯೂಎಲ್ ಸರ್ವರ್ ಟೆಕ್ಸ್ಟನ್ನು ಇಂಟ್ ಮಾಡಲು ಹೋಗುತ್ತದೆ. ಲಕ್ಷ ಸಾಲಿನಲ್ಲಿ ಒಂದು "ಎನ್‌ಎ" ಇದ್ದರೂ ಇಡೀ ಕ್ವೆರಿ ಬೀಳುತ್ತದೆ. 2012ರ ಆವೃತ್ತಿಯಿಂದ ಟ್ರೈ_ಕಾಸ್ಟ್ ಇದೆ, ಆಗದ್ದಕ್ಕೆ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಕೊಡುತ್ತದೆ. ಆದರೆ ಖಾಲಿ ಟೆಕ್ಸ್ಟ್‌ಗೆ ನಲ್ ಅಲ್ಲ, 0 ಕೊಡುತ್ತದೆ. ಮೊದಲು ನಲ್‌ಇಫ್ ಹಚ್ಚಿ ಖಾಲಿಯನ್ನು ನಲ್ ಮಾಡಿಕೊಳ್ಳಿ. ಒರಾಕಲ್ ಕೂಡ ಟೆಕ್ಸ್ಟನ್ನು ಸಂಖ್ಯೆ ಮಾಡಲು ಹೋಗಿ ಓಆರ್‌ಎ-01722 ಎಂದು ನಿಲ್ಲುತ್ತದೆ.

ಎಸ್‌ಕ್ಯೂಲೈಟ್‌ನಲ್ಲಿ ಕಾಲಂಗೆ ಘೋಷಿಸಿದ ಟೈಪ್ ಮೇಲೆ ಎಲ್ಲ ನಿಂತಿದೆ. ಒಂದು ಕಾಲಂ ಇಂಟಿಜರ್ ಎಂದಿದ್ದರೆ ಇನ್ನೊಂದು ಕಡೆಯ "010452" ಕೂಡ ಸಂಖ್ಯೆಯಾಗಿ ಹೊಂದುತ್ತದೆ. ಎರಡೂ ಕಾಲಂಗೆ ಟೈಪೇ ಬರೆಯದಿದ್ದರೆ 10452 ಮತ್ತು "10452" ಬೇರೆ ಬೇರೆ. ದೊಡ್ಡ ಡೇಟಾದ ಇನ್ನೊಂದು ಸಾಫ್ಟ್‌ವೇರ್ ಸ್ಪಾರ್ಕ್‌ನ ಹಳೆ ನಡೆಯಲ್ಲಿ ಸಂಖ್ಯೆಯಾಗದ ಟೆಕ್ಸ್ಟ್ ಸದ್ದಿಲ್ಲದೆ ನಲ್ ಆಗುತ್ತಿತ್ತು, 4.0ರಿಂದ ಆನ್ಸಿ ಮೋಡ್ (ಕಟ್ಟುನಿಟ್ಟಿನ ನಡೆ) ತಾನಾಗಿ ಚಾಲೂ ಇರುವುದರಿಂದ ದೋಷ ಕೊಡುತ್ತದೆ.

ಮುಂದಿನ ಸೊನ್ನೆ ಹೋಗಿದೆ. ಎಲ್‌ಪ್ಯಾಡ್ (ನಿಶ್ಚಿತ ಉದ್ದ ಬರುವವರೆಗೆ ಮುಂದೆ ತುಂಬಿಸುವ ಫಂಕ್ಷನ್) ಹಚ್ಚಿದರೆ ಆಯಿತೇ?

ಉದ್ದ ನಿಶ್ಚಿತವಾಗಿದ್ದರೆ ಆಗುತ್ತದೆ. ಎಸ್‌ಟಿಡಿ ಕೋಡ್‌ಗೆ ಆಗುವುದಿಲ್ಲ: ಬೆಳಗಾವಿ 0831 ನಾಲ್ಕಂಕಿ, ವಿಜಯಪುರ 08352 ಮತ್ತು ಬಾಗಲಕೋಟೆ 08354 ಐದಂಕಿ. ಐದಕ್ಕೆ ತುಂಬಿಸಿದರೆ ಬೆಳಗಾವಿ 00831 ಆಗಿ ಕೂರುತ್ತದೆ. ಇಲ್ಲಿ ಮುಂದೆ ಒಂದೇ ಸೊನ್ನೆ ಹಚ್ಚಬೇಕು, ಅಷ್ಟೇ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಒರಾಕಲ್ ಮೂರರಲ್ಲೂ ಎಲ್‌ಪ್ಯಾಡ್ ಬರೀ ತುಂಬಿಸುವುದಿಲ್ಲ, ಉದ್ದ ಹೆಚ್ಚಿದ್ದರೆ ಬಾಲವನ್ನು ಕತ್ತರಿಸುತ್ತದೆ ಕೂಡ. ಆರಕ್ಕೆ ಎಲ್‌ಪ್ಯಾಡ್ ಹಚ್ಚಿದ 1045278 ಎಂಬ ಏಳಂಕಿ 104527 ಆಗಿ ಬೇರೆ ರೈತನಿಗೆ ಹೊಂದುತ್ತದೆ. ಪೈಥಾನ್‌ನ ಜೆಡ್‌ಫಿಲ್ ಹೀಗೆ ಕತ್ತರಿಸುವುದಿಲ್ಲ.

ಪ್ಯಾಂಡಾಸ್‌ನಲ್ಲಿ ಮರ್ಜ್ (ಅಲ್ಲಿಯ ಜಾಯಿನ್) ಮಾಡುವಾಗ "10452.0" ಎಂಬ ಬಾಲ ಬರುತ್ತದೆ. ಹೇಗೆ ತೆಗೆಯುವುದು?

ಬಾಲ ಬಂದದ್ದು ಖಾಲಿ ಸಾಲಿನಿಂದ: ಖಾಲಿಗಾಗಿ ಕಾಲಂ ಫ್ಲೋಟ್ ಆಯಿತು, ಫ್ಲೋಟನ್ನು ನೀವು ಟೆಕ್ಸ್ಟ್ ಮಾಡಿದಿರಿ. ".0" ಅನ್ನು ರಿಪ್ಲೇಸ್ ಮಾಡಲು ಹೋಗಬೇಡಿ. 2.0ಕ್ಕಿಂತ ಹಳೆಯ ಪ್ಯಾಂಡಾಸ್‌ನಲ್ಲಿ ಅಲ್ಲಿಯ ಚುಕ್ಕೆಗೆ "ಯಾವ ಅಕ್ಷರವಾದರೂ" ಎಂಬ ಅರ್ಥವಿತ್ತು, ಹಾಗಾಗಿ "10452"ರ ಮುಂದಿನ "10" ಹಾರಿ "452" ಉಳಿಯುತ್ತಿತ್ತು. ಹೊಸದರಲ್ಲೂ "10.05" ಇದ್ದರೆ "105" ಆಗುತ್ತದೆ.

ಸರಿಯಾದ ದಾರಿ, ಓದಿಸುವಾಗಲೇ ಆ ಕಾಲಂಗೆ ಡಿಟೈಪ್ ಸ್ಟ್ರಿಂಗ್ ಎಂದು ಕೊಡುವುದು. ಈಗಾಗಲೇ ಫ್ಲೋಟ್ ಆಗಿದ್ದು ಸಂಖ್ಯೆ ಚಿಕ್ಕದಿದ್ದರೆ ದೊಡ್ಡ ಐ ಅಕ್ಷರದ ಇಂಟ್64 ಟೈಪ್‌ಗೆ ಒಯ್ಯಿರಿ, ಅದು ಖಾಲಿಯನ್ನೂ ತಾಳಿಕೊಳ್ಳುತ್ತದೆ. ಆಮೇಲೆ ಟೆಕ್ಸ್ಟ್ ಮಾಡಿ. ಇಂಟ್ ಮತ್ತು ಟೆಕ್ಸ್ಟ್ ಕಾಲಂ ನೇರ ಮರ್ಜ್ ಮಾಡಿದರೆ ದೋಷ ಬರುತ್ತದೆ, ಅದರಲ್ಲಿ ಕಾನ್‌ಕ್ಯಾಟ್ ಬಳಸಿ ಎಂಬ ಸಲಹೆಯೂ ಇರುತ್ತದೆ. ಆ ಸಲಹೆ ನಿಮಗಲ್ಲ, ಟೈಪ್ ಸರಿಮಾಡಿ.

ಖಾಲಿಯ ವಿಷಯ ಬಂತಲ್ಲ: ಎಸ್‌ಕ್ಯೂಎಲ್‌ನಲ್ಲಿ ನಲ್‌ಗೆ ನಲ್ ಹೊಂದುವುದಿಲ್ಲ, ಪ್ಯಾಂಡಾಸ್ ಮರ್ಜ್‌ನಲ್ಲಿ ಖಾಲಿಗೆ ಖಾಲಿ ಹೊಂದುತ್ತದೆ. ಈ ಕಡೆ 50, ಆ ಕಡೆ 40 ಖಾಲಿ ಇದ್ದರೆ 2,000 ಸಾಲು ಎಲ್ಲಿಂದಲೋ ಹುಟ್ಟುತ್ತವೆ. ಮರ್ಜ್‌ಗೆ ಮೊದಲು ಖಾಲಿ ಕೀಗಳನ್ನು ತೆಗೆದುಬಿಡಿ.

ಎಕ್ಸೆಲ್‌ನ ವಿಲುಕಪ್ ಎಲ್ಲದಕ್ಕೂ #ಎನ್/ಎ ಕೊಡುತ್ತಿದೆ.

ಒಂದು ಕಡೆ ಟೆಕ್ಸ್ಟ್, ಒಂದು ಕಡೆ ಸಂಖ್ಯೆ. ಸೆಲ್‌ನ ಮೂಲೆಯಲ್ಲಿ ಹಸಿರು ತ್ರಿಕೋನ ಇದ್ದದ್ದು ಟೆಕ್ಸ್ಟ್. ಸದಸ್ಯ ಸಂಖ್ಯೆಯಂಥ ಚಿಕ್ಕದಕ್ಕೆ ಕಾಲಂ ಆರಿಸಿ ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಂಸ್ ಒತ್ತಿ ನೇರ ಫಿನಿಶ್ ಮಾಡಿದರೆ ಎಲ್ಲ ಸಂಖ್ಯೆಯಾಗುತ್ತದೆ. ಸೆಲ್ ಫಾರ್ಮ್ಯಾಟ್ ಬದಲಿಸಿದರೆ ಮಾತ್ರ ಏನೂ ಆಗುವುದಿಲ್ಲ. ಅದು ಮುಂದೆ ಹೊಡೆಯುವುದಕ್ಕೆ, ಒಳಗಿರುವುದಕ್ಕಲ್ಲ.

ಹಳೆ ದಾಖಲೆಯಲ್ಲಿ ಸಂಖ್ಯೆಗಳು ಕನ್ನಡ ಅಂಕಿಯಲ್ಲಿವೆ. ೧೦೪೫೨ ಮತ್ತು 10452 ಹೊಂದುತ್ತವೆಯೇ?

ಪೈಥಾನ್‌ನ ಇಂಟ್ ಕನ್ನಡ ಅಂಕಿಯನ್ನು ಓದುತ್ತದೆ, "೧೦೪೫೨" ಕೊಟ್ಟರೆ 10452 ಬರುತ್ತದೆ. ಆದರೆ ಟೆಕ್ಸ್ಟ್ ಆಗಿಯೇ ಹೋಲಿಸಿದರೆ ಹೊಂದುವುದಿಲ್ಲ. ಅಂಕಿ ಹೌದೋ ಅಲ್ಲವೋ ನೋಡುವ ಇಸ್‌ಡಿಜಿಟ್ ಎರಡಕ್ಕೂ ಹೌದು ಎನ್ನುವುದರಿಂದ ಆ ತಪಾಸಣೆ ಇದನ್ನು ಹಿಡಿಯುವುದಿಲ್ಲ. ಪೋಸ್ಟ್‌ಗ್ರೆಸ್ ಕಾಸ್ಟ್ ಮಾಡಲು ಒಪ್ಪುವುದಿಲ್ಲ. ಮೈಎಸ್‌ಕ್ಯೂಎಲ್‌ಗೆ ಅದು ಅಂಕಿಯೇ ಅಲ್ಲ, 0. ಪೋಸ್ಟ್‌ಗ್ರೆಸ್‌ನಲ್ಲಿ ಟ್ರಾನ್ಸ್‌ಲೇಟ್ ಫಂಕ್ಷನ್‌ಗೆ ೦೧೨೩೪೫೬೭೮೯ ಮತ್ತು 0123456789 ಕೊಟ್ಟರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಕನ್ನಡ ಸೊನ್ನೆಯ ಜಾಗದಲ್ಲಿ ಅನುಸ್ವಾರ ಹೊಡೆದಿರುವುದೂ ಉಂಟು. ಎರಡೂ ನೋಡಲು ದುಂಡಗೆ. ಅದನ್ನು ಬೇರೆಯಾಗಿ ಬದಲಿಸಿ.

ಜಿಲ್ಲೆಯ ಹೆಸರಿನ ಮೇಲೆ ಜೋಡಿಸುವುದೋ, ಕೋಡ್ ಮೇಲೋ?

ಕೋಡ್. 2014ರ ನವೆಂಬರ್ 1ರಿಂದ ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆ ಫೈಲ್‌ಗಳಲ್ಲಿ ಹಳೆ ಹೆಸರೇ ಇದೆ. 2011ರ ಜನಗಣತಿಯಲ್ಲಿ ಬೆಳಗಾವಿ 555, ಬಾಗಲಕೋಟೆ 556, ವಿಜಯಪುರ 557. ಆದರೆ 555.0 ಆಗಿರಬಾರದು.

ಉತ್ತರ ಸರಿ ಬರುತ್ತದೆ, ಆದರೆ ಹತ್ತು ನಿಮಿಷ ಹಿಡಿಯುತ್ತದೆ. ಟೈಪ್‌ಗೂ ವೇಗಕ್ಕೂ ಸಂಬಂಧ ಉಂಟೇ?

ಉಂಟು. ಡೇಟಾಬೇಸ್ ಯಾವ ಕಾಲಂ ಅನ್ನು ಬದಲಿಸಿ ಹೋಲಿಸುತ್ತದೆಯೋ ಆ ಕಾಲಂನ ಇಂಡೆಕ್ಸ್ (ಬೇಗ ಹುಡುಕಲು ಕಟ್ಟಿದ ಸೂಚಿ) ಕೆಲಸಕ್ಕೆ ಬಾರದು. ಮೈಎಸ್‌ಕ್ಯೂಎಲ್‌ನಲ್ಲಿ ಟೆಕ್ಸ್ಟ್ ಕಾಲಂ ಅನ್ನು ಸಂಖ್ಯೆಗೆ ಹೋಲಿಸಿದರೆ ಟೆಕ್ಸ್ಟ್‌ನ ಇಂಡೆಕ್ಸ್ ಹೋಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಇಂಟ್‌ಗೆ ಬಿಗ್‌ಇಂಟ್ ಇಂಡೆಕ್ಸ್ ಸಮೇತ ನಡೆಯುತ್ತದೆ, ಇಂಟ್‌ಗೆ ನ್ಯೂಮರಿಕ್ ನಡೆಯುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ ಕ್ವೆರಿ ನಡೆಸುವ ಹಂತಗಳನ್ನು ತೋರಿಸುವ ಪ್ಲಾನ್‌ನಲ್ಲಿ ಕನ್ವರ್ಟ್_ಇಂಪ್ಲಿಸಿಟ್ ಎಂಬ ಪದ ಹುಡುಕಿ. ಕಾಲಂ ಟೈಪ್ ಬದಲಿಸುವುದೇ ಮದ್ದು. ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ, ಕಾಸ್ಟ್ ಮಾಡಿದ ರೂಪದ ಮೇಲೆ ಪೋಸ್ಟ್‌ಗ್ರೆಸ್‌ನಲ್ಲಿ ಇಂಡೆಕ್ಸ್ ಕಟ್ಟಬಹುದು.

ಪ್ರೋಗ್ರಾಂ ಒಳಗೆ ಮ್ಯಾಪ್ ಇಟ್ಟು ಜೋಡಿಸುತ್ತೇವೆ. ಅಲ್ಲಿಯೂ ಇದೇ ಕಥೆಯೇ?

ಜಾವಾದಲ್ಲಿ ಲಾಂಗ್ ಕೀ ಇರುವ ಮ್ಯಾಪ್‌ಗೆ ಇಂಟಿಜರ್ ಕೊಟ್ಟು ಕೇಳಿದರೆ ಯಾವಾಗಲೂ ನಲ್. ಕಂಪೈಲರ್ ಏನೂ ಹೇಳುವುದಿಲ್ಲ. ಜಾವಾಸ್ಕ್ರಿಪ್ಟ್‌ನ ಮ್ಯಾಪ್‌ನಲ್ಲಿ 1 ಮತ್ತು "1" ಬೇರೆ. ಪೈಥಾನ್‌ನ ಡಿಕ್ಷನರಿಯಲ್ಲಿ 1 ಮತ್ತು 1.0 ಒಂದೇ, ಆದರೆ ಡೆಸಿಮಲ್ 0.1 ಮತ್ತು ಫ್ಲೋಟ್ 0.1 ಒಂದಲ್ಲ. ಸಿ ಭಾಷೆಯಲ್ಲಿ ಸೈನ್ಡ್ (ಋಣವನ್ನೂ ಹಿಡಿಯುವ) -1 ಅನ್ನು ಅನ್‌ಸೈನ್ಡ್ (ಋಣ ಹಿಡಿಯದ) 1ಕ್ಕೆ ಹೋಲಿಸಿದರೆ -1 ದೊಡ್ಡದಾಗುತ್ತದೆ. "ಸಂಖ್ಯೆ ಇಲ್ಲ" ಎಂಬುದಕ್ಕೆ -1 ಬಳಸುವವರು ನೋಡಿಕೊಳ್ಳಿ.

ಜಾಯಿನ್ ಸರಿಯಾಗಿದೆ ಎಂದು ಬಿಲ್ ಹೊರಡುವ ಮೊದಲು ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಕಾಟಾ ಟೇಬಲ್‌ನ ಸಾಲು ಎಣಿಸಿ, ಜಾಯಿನ್ ಆದ ಮೇಲೆ ಮತ್ತೆ ಎಣಿಸಿ. ಒಂದು ಚೀಟಿಗೆ ಒಬ್ಬನೇ ರೈತನಾದ್ದರಿಂದ ಎರಡೂ ಒಂದೇ ಇರಬೇಕು. ಕಡಿಮೆಯಾದರೆ ಹೊಂದದ ಸಾಲುಗಳಿವೆ: ಲೆಫ್ಟ್ ಜಾಯಿನ್ (ಎಡ ಟೇಬಲ್‌ನ ಎಲ್ಲ ಸಾಲನ್ನೂ ಉಳಿಸುವ ಜಾಯಿನ್) ಮಾಡಿ ಬಲಗಡೆ ನಲ್ ಇರುವುದನ್ನು ತೆಗೆದು, ಮೊದಲ ಇಪ್ಪತ್ತು ಕೀಗಳ ಟೈಪ್, ಉದ್ದ ನೋಡಿ. ಹೆಚ್ಚಾದರೆ ಸದಸ್ಯರ ಟೇಬಲ್‌ನಲ್ಲಿ ಕೀ ಎರಡೆರಡು ಬಂದಿದೆ.

ಸಾಲು ಸರಿಯಿದ್ದರೂ ಸಾಲದು, ಎರಡು ತಪ್ಪು ಒಂದನ್ನೊಂದು ಮುಚ್ಚಿರಬಹುದು. ನಿವ್ವಳ ತೂಕದ ಮೊತ್ತವನ್ನು ಕಿಲೋದಲ್ಲಿ, ಪೂರ್ಣಾಂಕದಲ್ಲಿ, ಜಾಯಿನ್‌ನ ಹಿಂದೆ ಮುಂದೆ ಹೋಲಿಸಿ. ಒಂದು ಕಿಲೋ ವ್ಯತ್ಯಾಸವನ್ನೂ ಬಿಡಬೇಡಿ. ಖಾತೆ ಸಂಖ್ಯೆ ಮೇಲೆ ಜೋಡಿಸಿದ್ದರೆ ಎರಡೂ ಕಡೆಯ ಹೆಸರನ್ನು ಅಕ್ಕಪಕ್ಕ ಇಟ್ಟು ಹೊಂದದವನ್ನು ಕಣ್ಣಿನಿಂದಲೇ ಓದಿ. ಕಾಗುಣಿತದ ವ್ಯತ್ಯಾಸ ಬಹಳ ಸಿಗುತ್ತದೆ, ಬೇಸರವಾಗುತ್ತದೆ, ಆದರೆ ಬೇರೆಯವರ ಖಾತೆ ಸಿಕ್ಕಿಬೀಳುವುದು ಅಲ್ಲೇ.

ಹೊಸ ಟೇಬಲ್ ಕಟ್ಟುತ್ತಿದ್ದೇವೆ. ಯಾವ ಕಾಲಂಗೆ ಯಾವ ಟೈಪ್?

ಖಾತೆ ಸಂಖ್ಯೆ, ಮೊಬೈಲ್, ಆಧಾರ್, ಪಿನ್‌ಕೋಡ್, ಎಸ್‌ಟಿಡಿ ಕೋಡ್, ಸರ್ವೆ ನಂಬರ್: ಟೆಕ್ಸ್ಟ್. ಉದ್ದದ ತಪಾಸಣೆಯನ್ನೂ ಜೊತೆಗೇ ಬರೆಯಿರಿ. ಪಿನ್‌ಕೋಡ್‌ಗೆ ಆರು, ಮೊಬೈಲಿಗೆ ಹತ್ತು, ಆಧಾರ್‌ಗೆ ಹನ್ನೆರಡು. ಟ್ರ್ಯಾಕ್ಟರ್ ನೋಂದಣಿಗೆ ಕೆಎ 22, ಕೆಎ-22, ಕೆಎ22 ಮೂರೂ ಬರುತ್ತವೆ, ಒಳಗೆ ಬರುವಾಗಲೇ ಖಾಲಿ ಜಾಗ, ಗೀಟು ತೆಗೆದುಬಿಡಿ. ನೀವೇ ಹುಟ್ಟಿಸುವ ಸದಸ್ಯ ಸಂಖ್ಯೆ, ಚೀಟಿ ಸಂಖ್ಯೆ: ಬಿಗ್‌ಇಂಟ್, ಎಲ್ಲ ಟೇಬಲ್‌ನಲ್ಲೂ ಬಿಗ್‌ಇಂಟ್. ತೂಕ ಕಿಲೋದಲ್ಲಿ, ಹಣ ಪೈಸೆಯಲ್ಲಿ, ಕ್ಷೇತ್ರ ಗುಂಟೆಯಲ್ಲಿ ಅಥವಾ ಆಣೆಯಲ್ಲಿ, ಮಟ್ಟ ಸೆಂಟಿಮೀಟರಿನಲ್ಲಿ: ಪೂರ್ಣಾಂಕ. ಸೆನ್ಸರ್‌ನ ಕಚ್ಚಾ ಓದು ಫ್ಲೋಟ್ ಆಗಿಯೇ ಒಂದು ಕಾಲಂನಲ್ಲಿ ಇರಲಿ, ಪಕ್ಕದಲ್ಲಿ ರೌಂಡ್ ಮಾಡಿದ ಪೂರ್ಣಾಂಕದ ಕಾಲಂ ಇಟ್ಟು ಜಾಯಿನ್‌ಗೆ ಅದನ್ನೇ ಬಳಸಿ.